ಪರಸ್ಪರ ನಿರೋಧ: ಸ್ನಾಯುವಿನಿಂದ ಮನಸ್ಸಿಗೆ

ನಾವು ತೋಳನ್ನು ಮಡಚಿದಾಗ ಅದರ ಮುಂಭಾಗದ ಸ್ನಾಯು ಸಂಕುಚಿಸುವುದು, ಹಿಂಭಾಗದ್ದು ಸಡಿಲುವುದು. ಒಂದನ್ನು ಪ್ರೇರಿಸುವ ಬೆನ್ನುಹುರಿಯೇ ಇನ್ನೊಂದನ್ನು ತಡೆಯುತ್ತದೆ. ಇಂಗ್ಲೆಂಡಿನ ಶೆರಿಂಗ್ಟನ್ನರು ವಿಶದಪಡಿಸಿದ ಈ ಕ್ರಮಕ್ಕೆ ಪರಸ್ಪರ ನಿರೋಧವೆಂದು ಹೆಸರು.

ದಕ್ಷಿಣ ಆಫ್ರಿಕೆಯ ವೈದ್ಯ ಜೋಸೆಫ್ ವೋಲ್ಪೆಯವರು 1958ರ ತಮ್ಮ ಗ್ರಂಥದಲ್ಲಿ ಈ ತತ್ತ್ವವನ್ನು ಮನೋಚಿಕಿತ್ಸೆಗೆ ಕಡ ತಂದರು. ಭಯವೂ ದೇಹದ ವಿಶ್ರಾಂತಿಯೂ ಏಕಕಾಲದಲ್ಲಿ ಇರಲಾರವೆಂಬುದು ಅವರ ವಾದ. ಡೊಂಬಿವಲಿಯ ಲೋಕಲ್ ಗಾಡಿಯ ಜನಸಂದಣಿಗೆ ಅಂಜಿ ಮುಂಬಯಿಯ ನೌಕರಿಯನ್ನೇ ಬಿಡಲು ಹೊರಟವನೊಬ್ಬನಿದ್ದಾನೆನ್ನೋಣ. ಅವನು ಮೊದಲು ಮೈಯನ್ನು ಸಡಿಲಿಸಲು ಕಲಿಯಬೇಕು. ಬಳಿಕ ನಿಲ್ದಾಣದ ಮೆಟ್ಟಿಲು, ಖಾಲಿ ಡಬ್ಬಿ, ಕೊನೆಗೆ ಬೆಳಗಿನ ನೂಕುನುಗ್ಗಲು, ಹೀಗೆ ಅಂಜಿಕೆಯ ಏರುಕ್ರಮದಲ್ಲಿ ಕಲ್ಪಿಸಿಕೊಳ್ಳಬೇಕು. ಯೋಗಸೂತ್ರದ ಪ್ರತಿಪಕ್ಷಭಾವನೆ ಇದಕ್ಕೆ ಸಮೀಪವೆನ್ನಬಹುದಾದರೂ ಅಲ್ಲಿ ಸಾಧನವಾಗುವುದು ಆಲೋಚನೆ, ಸ್ನಾಯುವಲ್ಲ.

ಕಡ ತಂದ ಹೋಲಿಕೆ ಮಾತ್ರ ಪೂರ್ತಿ ಸಂದಾಯವಾಗಲಿಲ್ಲ. ವಿಶ್ರಾಂತಿಯ ಅಭ್ಯಾಸವಿಲ್ಲದೆ ಭಯವನ್ನು ಮೆಲ್ಲಮೆಲ್ಲನೆ ಎದುರಿಸಿದವರೂ ಗುಣಹೊಂದುವರೆಂದು ಮುಂದಿನ ಪರೀಕ್ಷೆಗಳಲ್ಲಿ ಕಂಡುಬಂದಿತು. ಆದುದರಿಂದ ಇಂದಿನ ಚಿಕಿತ್ಸಕರು ಇಂಥವನನ್ನು ಕಲ್ಪನೆಯಲ್ಲೇ ನಿಲ್ಲಿಸದೆ, ಹಂತಹಂತವಾಗಿ ನಿಲ್ದಾಣಕ್ಕೇ ಕಳುಹಿಸುತ್ತಾರೆ.