ಗದ್ದೆಯ ನೀರು ತಿಳಿಸುವ ಪುಟ್ಟ ದೀಪ: ಎಲೆಕ್ಟ್ರಾನಿಕ್ಸ್ ಕಲಿಯುವವರಿಗೆ ಮೊದಲ ಪಾಠ



ಶಿಕಾರಿಪುರ ತಾಲ್ಲೂಕಿನ ಅಂಜನಾಪುರದಲ್ಲಿ ಕುಮುದ್ವತಿ ನದಿಗೆ ಕಟ್ಟಿರುವ ಜಲಾಶಯದ ನೀರನ್ನು ನಂಬಿ ಭತ್ತ ಬೆಳೆಯುವವರು ನಿಮ್ಮಲ್ಲಿ ಅನೇಕರಿದ್ದೀರಿ. ಕಾಲುವೆಯ ಜೊತೆಗೆ ಕೊಳವೆ ಬಾವಿ ಇಟ್ಟುಕೊಂಡವರೂ ಇದ್ದೀರಿ. ಈ ಕಡೆ ಬಂದಾಗ ಯುವ ರೈತರು ಕೇಳುವ ಪ್ರಶ್ನೆ ಒಂದೇ: “ಸಾರ್, ಮೋಟಾರು ತಾನಾಗಿಯೇ ನಿಲ್ಲುವಂಥ ಪೆಟ್ಟಿಗೆಯನ್ನು ನಾವೇ ಮಾಡಿಕೊಳ್ಳಬಹುದೇ?”

ಕಲಿತರೆ ಖಂಡಿತ ಮಾಡಬಹುದು. ಆದರೆ ಕಲಿಕೆಯನ್ನು ಅಲ್ಲಿಂದ ಆರಂಭಿಸಬಾರದು. ಮೂರು ಫೇಸಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ 400 ವೋಲ್ಟಿನಷ್ಟು ವಿದ್ಯುತ್ ಇರುತ್ತದೆ. ಕೆಸರುಗಾಲಿನಲ್ಲಿ ನಿಂತು ಅದರೊಳಗೆ ಕೈಯಿಟ್ಟವನಿಗೆ ತಪ್ಪನ್ನು ತಿದ್ದಿಕೊಳ್ಳಲು ಎರಡನೆಯ ಅವಕಾಶ ಸಿಗದೇ ಹೋಗಬಹುದು. 9 ವೋಲ್ಟಿನ ಸಣ್ಣ ಬ್ಯಾಟರಿಯಲ್ಲಿ ಮಾಡಿದ ತಪ್ಪಿಗೆ ಕೆಲವೇ ರೂಪಾಯಿಗಳ ನಷ್ಟ. ಆದುದರಿಂದ ಮೊದಲ ಪಾಠವು ಬ್ಯಾಟರಿಯಲ್ಲೇ ನಡೆಯಲಿ.

ಬೇಕಾಗುವ ಸಾಮಾನುಗಳು

9 ವೋಲ್ಟಿನ ಬ್ಯಾಟರಿ ಮತ್ತು ಅದರ ಕ್ಲಿಪ್ಪು, ಕೆಂಪು ಎಲ್.ಇ.ಡಿ. ದೀಪ, ಬಿ.ಸಿ. 547 ಟ್ರಾನ್ಸಿಸ್ಟರ್, 470 ಓಮ್ ಹಾಗೂ 10,000 ಓಮ್‌ನ ಒಂದೊಂದು ರೆಸಿಸ್ಟರ್, ಒತ್ತುವ ಸ್ವಿಚ್ಚು, ತಂತಿ, ಬೆಸುಗೆಯಿಲ್ಲದೆ ಜೋಡಿಸುವ ಬ್ರೆಡ್‌ಬೋರ್ಡ್ ಮತ್ತು ಒಂದು ಮಲ್ಟಿಮೀಟರ್. ರೇಡಿಯೋ, ಟಿ.ವಿ. ರಿಪೇರಿ ಅಂಗಡಿಯವರಲ್ಲಿ ವಿಚಾರಿಸಿರಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇವೆಲ್ಲ ದೊರೆಯುತ್ತವೆ.

ಟ್ರಾನ್ಸಿಸ್ಟರ್ ನಿಮಗೆ ಹೊಸದಲ್ಲ. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಈ ವಸ್ತುವೇ, ಭದ್ರಾವತಿ ಆಕಾಶವಾಣಿಯನ್ನು ನಿಮ್ಮ ಹಿರಿಯರ ಹೊಲಗದ್ದೆಗಳಿಗೆ ತಂದ ರೇಡಿಯೋಕ್ಕೆ ತನ್ನ ಹೆಸರನ್ನು ಕೊಟ್ಟಿತು. ಇದರ ಕೆಲಸ ತೂಬಿನ ಹಲಗೆಯಂತೆ: ಹಲಗೆ ಎತ್ತಲು ಬೇಕಾದ ಬಲ ಅಲ್ಪ, ಹರಿಯುವ ನೀರು ಅಧಿಕ.

ರೆಸಿಸ್ಟರ್ ಏಕೆ?

ನಾನು ಮೊದಲ ಬಾರಿ ಎಲ್.ಇ.ಡಿ.ಯನ್ನು ನೇರವಾಗಿ ಬ್ಯಾಟರಿಗೆ ಹಚ್ಚಿದೆ. ಒಮ್ಮೆ ಮಿಂಚಿ ಸುಟ್ಟುಹೋಯಿತು. ಯೂರಿಯಾ ಹೆಚ್ಚಾದ ಸಸಿಯ ಗತಿಯೇ ಅದಕ್ಕೂ ಆಯಿತು! ಲೆಕ್ಕ ಸುಲಭ. ಕೆಂಪು ದೀಪಕ್ಕೆ ಬೇಕಾದದ್ದು ಸುಮಾರು 2 ವೋಲ್ಟ್, ಉಳಿಯುವುದು 7. ಹರಿಯಬೇಕಾದ ವಿದ್ಯುತ್ 0.015 ಆಂಪಿಯರ್. 7ನ್ನು 0.015ರಿಂದ ಭಾಗಿಸಿದರೆ ಸುಮಾರು 467. ಅದಕ್ಕೆ ಹತ್ತಿರದ 470 ಓಮ್ ಅಂಗಡಿಯಲ್ಲಿ ಸಿಗುತ್ತದೆ. ಅದರ ಮೇಲಿನ ಪಟ್ಟಿಗಳು ಹಳದಿ, ನೇರಳೆ, ಕಂದು.

ಜೋಡಿಸುವ ಕ್ರಮ

1. ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ನಿಮ್ಮೆಡೆಗೆ, ಕಾಲುಗಳು ಕೆಳಗೆ ಇರಲಿ. ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್.

2. ಬ್ಯಾಟರಿಯ ಧನ ತುದಿಯಿಂದ ಸ್ವಿಚ್ಚಿಗೆ, ಅಲ್ಲಿಂದ 470 ಓಮ್ ರೆಸಿಸ್ಟರಿಗೆ, ಅಲ್ಲಿಂದ ದೀಪದ ಉದ್ದನೆಯ ಕಾಲಿಗೆ ತಂತಿ ಕೊಡಿರಿ. ದೀಪದ ಗಿಡ್ಡ ಕಾಲು ಕಲೆಕ್ಟರಿಗೆ ಸೇರಲಿ.

3. ಎಮಿಟರನ್ನು ಬ್ಯಾಟರಿಯ ಋಣ ತುದಿಗೆ ಜೋಡಿಸಿರಿ.

4. ಬೇಸಿಗೆ 10,000 ಓಮ್ ರೆಸಿಸ್ಟರ್ ಜೋಡಿಸಿ, ಅದರ ಇನ್ನೊಂದು ತುದಿಯಿಂದ ಒಂದು ತಂತಿ ಎಳೆಯಿರಿ. ಎರಡನೆಯ ತಂತಿಯನ್ನು ಸ್ವಿಚ್ಚಿನ ಆಚೆ ಬದಿಯಿಂದ, ಅಂದರೆ ರೆಸಿಸ್ಟರ್ ಸೇರುವ ಕಡೆಯಿಂದ ಎಳೆಯಿರಿ.

ಎರಡೂ ತಂತಿಗಳ ಬರಿ ತುದಿಗಳನ್ನು ಲೋಟದ ನೀರಿನಲ್ಲಿ ಅದ್ದಿ ಸ್ವಿಚ್ಚು ಒತ್ತಿರಿ. ದೀಪ ಹೊತ್ತಬೇಕು. ಹೊತ್ತದಿದ್ದರೆ ಬೇಸರಿಸದೆ ಬ್ಯಾಟರಿ, ದೀಪದ ಕಾಲುಗಳು, ಟ್ರಾನ್ಸಿಸ್ಟರಿನ ದಿಕ್ಕು, ಕೊನೆಗೆ ಪ್ರತಿಯೊಂದು ಕೂಡಿಕೆಯನ್ನು ಇದೇ ಕ್ರಮದಲ್ಲಿ ಮಲ್ಟಿಮೀಟರಿನಿಂದ ಪರೀಕ್ಷಿಸಿರಿ. ಎಲೆಕ್ಟ್ರಾನಿಕ್ಸ್ ಕಲಿಯುವುದು ಈ ಹುಡುಕಾಟದಲ್ಲಿಯೇ.

ಗದ್ದೆಯಲ್ಲಿ ಬಳಕೆ

ಭತ್ತಕ್ಕೆ ಸದಾ ನೀರು ನಿಂತಿರಲೇಬೇಕೆಂಬ ನಿಯಮವಿಲ್ಲ. ನಾಟಿಯಾಗಿ ಎರಡು ವಾರಗಳ ನಂತರ, ನೀರು ಮಣ್ಣಿನ ಮಟ್ಟದಿಂದ 15 ಸೆಂ.ಮೀ. ಕೆಳಗಿಳಿಯುವವರೆಗೆ ಕಾದು ಮತ್ತೆ ಹಾಯಿಸಬಹುದು. ಹೂ ಬಿಡುವ ಮುಂಚಿನ ಮತ್ತು ನಂತರದ ಒಂದೊಂದು ವಾರ ಮಾತ್ರ ನೀರು ನಿಲ್ಲಿಸತಕ್ಕದ್ದು.

40 ಸೆಂ.ಮೀ. ಉದ್ದದ ಪಿ.ವಿ.ಸಿ. ಕೊಳವೆಯ ಕೆಳಗಿನ ಅರ್ಧಕ್ಕೆ ತೂತು ಕೊರೆದು, ಆ ಅರ್ಧವನ್ನು ಗದ್ದೆಯಲ್ಲಿ ಹೂಳಿ, ಒಳಗಿನ ಮಣ್ಣನ್ನು ತೆಗೆಯಿರಿ. ಎರಡು ತಂತಿಗಳನ್ನು ಪ್ಲಾಸ್ಟಿಕ್ ಕಡ್ಡಿಗೆ ಬಿಡಿಬಿಡಿಯಾಗಿ ಕಟ್ಟಿ, ಬರಿ ತುದಿಗಳು ಮಣ್ಣಿನ ಮಟ್ಟದಿಂದ 15 ಸೆಂ.ಮೀ. ಕೆಳಗೆ ಬರುವಂತೆ ಇಳಿಬಿಡಿರಿ. ಅವು ಕೊಳವೆಯ ಗೋಡೆಗೆ ತಾಗಬಾರದು. ಬದುವಿನ ಮೇಲೆ ನಿಂತು ಸ್ವಿಚ್ಚು ಒತ್ತಿರಿ. ದೀಪ ಹೊತ್ತಿದರೆ ನೀರಿದೆ. ಹೊತ್ತದಿದ್ದರೆ ಹಾಯಿಸುವ ಕಾಲ ಬಂದಿದೆ. ಆದರೆ ಬ್ಯಾಟರಿ ಮುಗಿದಾಗಲೂ ದೀಪ ಹೊತ್ತುವುದಿಲ್ಲ. ಆದ್ದರಿಂದ ಹೊತ್ತದಿದ್ದಾಗ ಒಮ್ಮೆ ಕೊಳವೆಯಲ್ಲಿ ಇಣುಕಿ ನೋಡಿರಿ. ಸ್ವಿಚ್ಚನ್ನು ಸದಾ ಒತ್ತಿಡಬೇಡಿರಿ; ವಿದ್ಯುತ್ ಹರಿದಷ್ಟೂ ತಂತಿಯ ತುದಿಗಳು ಸವೆಯುತ್ತವೆ.

ಮೇಲಿನ ಗದ್ದೆಯವರು ಉಳಿಸಿದ ನೀರು ಕಾಲುವೆಯ ಕೊನೆಯವರ ಪೈರಿಗೆ ಒದಗೀತು. ಮಕ್ಕಳನ್ನೂ ಕೂರಿಸಿಕೊಂಡು ಈ ದೀಪವನ್ನು ಜೋಡಿಸಿರಿ. ಬೆಸುಗೆ ಹಾಕುವುದು, ನಂತರ ಗಂಟೆ ಬಾರಿಸುವುದು ಮುಂದಿನ ಮೆಟ್ಟಿಲುಗಳು. ಸ್ಟಾರ್ಟರ್ ಪೆಟ್ಟಿಗೆಯ ಕೆಲಸವನ್ನು ಮಾತ್ರ ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರರಿಗೇ ಬಿಡಿರಿ.