ನಿಂಬೆಯ ಚಿಟ್ಟೆಯ ಗಾತ್ರ

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಸೀಮೆಯಲ್ಲಿ ನಿಂಬೆಯ ಚಿಗುರನ್ನು ಸುತ್ತುವ ಕಪ್ಪು ಹಳದಿ ಚಿಟ್ಟೆಗಳಲ್ಲಿ ಕೆಲವು ದೊಡ್ಡವು, ಕೆಲವು ಚಿಕ್ಕವು. ಚಿಕ್ಕವುಗಳನ್ನು ಮರಿಗಳೆಂದು ಭಾವಿಸುವುದು ತಪ್ಪು. ರೆಕ್ಕೆ ಬಂದ ಮೇಲೆ ಚಿಟ್ಟೆಯು ಬೆಳೆಯುವುದೇ ಇಲ್ಲ. ಅದರ ಗಾತ್ರವು ಹುಳುವಾಗಿದ್ದಾಗಲೇ ನಿರ್ಣಯವಾಗತಕ್ಕದ್ದು. ಎಲೆ ಸಾಲದ ಹುಳುವು ಅರೆಹೊಟ್ಟೆಯಲ್ಲಿಯೇ ಕೋಶಾವಸ್ಥೆಯನ್ನು ಸೇರಿ ಸಣ್ಣ ಚಿಟ್ಟೆಯಾಗುತ್ತದೆ. ಸೊಪ್ಪು ಕಡಮೆಯಾದರೆ ಗೂಡು ಹಗುರವಾಗುವುದನ್ನು ರೇಷ್ಮೆ ಸಾಕುವವರು ಬಲ್ಲರಷ್ಟೆ. ಸೆಕೆಯಲ್ಲಿ ಹುಳುವು ಬೇಗನೆ ಬಲಿಯುವುದರಿಂದಲೂ ಅನೇಕ ಕೀಟಗಳ ಮೈ ಕಿರಿದಾಗುವುದುಂಟು.

ಆದರೆ ಸಣ್ಣ ಚಿಟ್ಟೆಯೂ ಮೊಟ್ಟೆಯಿಡುತ್ತದೆ. ಎಳೆಯ ಸಸಿಯನ್ನು ಕೆಲವೇ ಹುಳುಗಳು ಬೋಳುಮಾಡಬಲ್ಲವು. ಆದಕಾರಣ ರೈತರು ಚಿಟ್ಟೆಯ ಗಾತ್ರವನ್ನು ಲಕ್ಷಿಸದೆ, ಸಸಿಮಡಿಯ ಚಿಗುರನ್ನು ಪ್ರತಿದಿನವೂ ಪರೀಕ್ಷಿಸಿ, ಹಕ್ಕಿಯ ಹಿಕ್ಕೆಯಂತೆ ತೋರುವ ಮರಿಹುಳುಗಳನ್ನೂ ಹಸುರಾಗಿ ಬಲಿತವುಗಳನ್ನೂ ಕೈಯಿಂದಲೇ ಆರಿಸಿ ನಾಶಪಡಿಸತಕ್ಕದ್ದು.