ಕಾವೇರಿಯ ಏರಿಳಿತ

ಮಹಾಲಕ್ಷ್ಮಿ ಲೇಔಟಿನ ನಮ್ಮ ಬೀದಿಗೆ ಕಾವೇರಿ ಬರುವುದು ದಿನ ಬಿಟ್ಟು ದಿನ, ಅದೂ ನಸುಕಿನಲ್ಲಿ. ವೀರಾಂಜನೇಯನ ಗುಡಿಯ ಗಂಟೆ ಕೇಳಿಸುವುದಕ್ಕೆ ಮುಂಚೆಯೇ ಯಾವುದೋ ಮನೆಯ ಸಂಪಿನ ಮುಚ್ಚಳ ಸರಿದ ಸದ್ದಾಗುತ್ತದೆ, "ನೀರು ಬಂತೇನ್ರೀ?" ಎಂದು ಎದುರುಮನೆಯಾಕೆ ಕೇಳುತ್ತಾರೆ, ಕೊಳವೆಯಲ್ಲಿ ಮೊದಲು ಗಾಳಿ ಬುಸುಗುಟ್ಟಿ, ಬಳಿಕ ಬೆರಳುಗಾತ್ರದ ಧಾರೆ ಬೀಳತೊಡಗುತ್ತದೆ. ನಾನು ಬಿದಿರುಕೋಲೊಂದನ್ನು ಸಂಪಿಗೆ ಇಳಿಬಿಟ್ಟು, ಒದ್ದೆಯಾದ ಗುರುತು ಎರಡು ಮೊಳ ಮುಟ್ಟಿತೆಂದರೆ ಮೋಟಾರಿನ ಗುಂಡಿ ಒತ್ತುತ್ತೇನೆ. ಒಂದು ಬೆಳಗ್ಗೆ ಗುಂಡಿ ಒತ್ತಿದರೆ ಕರೆಂಟಿಲ್ಲ; ಸಂಪಿನ ತುಂಬ ನೀರಿದ್ದೂ ಅಡುಗೆಮನೆಯ ನಲ್ಲಿ ಒಣಗಿ ನಿಂತಿತು. ಮತ್ತೊಂದು ದಿನ ಮನೆಯ ದೀಪಗಳೆಲ್ಲ ಉರಿಯುತ್ತಿದ್ದರೂ ಬೀದಿಗೆ ನೀರೇ ಬರಲಿಲ್ಲ. ವಿಚಾರಿಸಿದಾಗ, ದೂರದ ಪಂಪುಮನೆಯೊಂದರಲ್ಲಿ ಕರೆಂಟು ಹೋಗಿತ್ತೆಂದು ತಿಳಿಯಿತು. ನೀರು ಮತ್ತು ವಿದ್ಯುತ್ತು ಎಂದು ನಾವು ಎರಡು ಬಿಲ್ಲುಗಳಲ್ಲಿ ಹಣ ತೆರುವ ವಸ್ತುಗಳು ಎಷ್ಟು ಗಾಢವಾಗಿ ಒಂದಕ್ಕೊಂದು ಹೆಣೆದುಕೊಂಡಿವೆಯೆಂಬುದು ನನ್ನ ಮನಸ್ಸಿಗೆ ನಾಟಿದ್ದು ಆ ಎರಡು ಬೆಳಗುಗಳಲ್ಲಿ.

ಈ ಹೆಣಿಗೆಯ ಮೊದಲ ಎಳೆಯನ್ನು ಹುಡುಕಿಕೊಂಡು ಹೊರಟವರು ಶಿವನಸಮುದ್ರಕ್ಕೆ ಹೋಗಬೇಕು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಸಂಕಲ್ಪಿತವಾಗಿ, ಅವರು ಕಣ್ಮುಚ್ಚಿದ ಮರುವರ್ಷ, 1902ರಲ್ಲಿ, ಅಲ್ಲಿಯ ಕಾವೇರಿಯ ಜಲಪಾತದ ಬಲದಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಅದೇ ನದಿಯ ಬೆಳಕು ಹೊತ್ತಿತು. ಆದರೆ ಬೇಸಗೆಯಲ್ಲಿ ಹೊಳೆ ಬಡವಾದರೆ ಯಂತ್ರವೂ ಬಡವಾಗುತ್ತಿತ್ತು. ಗಣಿಗೆ ವರ್ಷವಿಡೀ ಒಂದೇ ಸಮನೆ ವಿದ್ಯುತ್ತು ಬೇಕು, ಅದಕ್ಕಾಗಿ ಮಳೆಗಾಲದ ನೀರನ್ನು ಮೇಲ್ಗಡೆ ಎಲ್ಲಾದರೂ ತಡೆದು ನಿಲ್ಲಿಸಬೇಕು ಎಂಬ ಆವಶ್ಯಕತೆಯು, 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾಗುವುದಕ್ಕೆ ಇದ್ದ ಕಾರಣಗಳಲ್ಲಿ ಒಂದು. ಮಂಡ್ಯದ ಗದ್ದೆಗಳಿಗೆ ನೀರುಣಿಸಿದ ಕಟ್ಟೆಯೆಂದು ನಾವು ಕೃತಜ್ಞತೆಯಿಂದ ನೆನೆಯುವ ಅದು ವಿದ್ಯುತ್ತಿನ ಕಟ್ಟೆಯೂ ಹೌದೆಂಬುದನ್ನು ಮರೆಯಲಾಗದು.

ಅಂದು ನೀರು ಇಳಿದು ನಮಗೆ ಬೆಳಕನ್ನು ಕೊಟ್ಟಿತು. ಇಂದು ಅದೇ ನದಿಯ ನೀರನ್ನು, ಹೆಚ್ಚುಕಡಮೆ ಅದೇ ಸ್ಥಳದಿಂದ, ವಿದ್ಯುತ್ತನ್ನು ಸುರಿದು ನಾವು ಮೇಲಕ್ಕೆ ಎತ್ತುತ್ತಿದ್ದೇವೆ. ಬೆಂಗಳೂರಿಗೆ ತನ್ನದೆಂಬ ಹೊಳೆಯಿಲ್ಲ. 1896ರಲ್ಲಿ ಹೆಸರಘಟ್ಟದ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿಯದು ಬಂತು, ಎರಡೂ ಅರ್ಕಾವತಿಯವು. ಅವು ಸಾಲದಾದಾಗ 1974ರಲ್ಲಿ ಕಾವೇರಿಯ ಮೊದಲ ಹಂತ ನಗರವನ್ನು ಮುಟ್ಟಿತು. ಶಿವನಸಮುದ್ರದ ಸಮೀಪದ ಶಿವ ಅಣೆಕಟ್ಟಿನಿಂದ ತಂದ ನೀರನ್ನು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ, ಅಲ್ಲಿಂದ ಹಾರೋಹಳ್ಳಿಗೆ, ಹಾರೋಹಳ್ಳಿಯಿಂದ ತಾತಗುಣಿಗೆ, ತಾತಗುಣಿಯಿಂದ ನಗರಕ್ಕೆ, ಮೂರು ಮೆಟ್ಟಿಲಾಗಿ ಏರಿಸಬೇಕು. ದೂರ ಸುಮಾರು 100 ಕಿಲೋಮೀಟರ್. ಏರು ಸುಮಾರು 500 ಮೀಟರ್. 2024ರ ಅಕ್ಟೋಬರಿನಲ್ಲಿ ಐದನೆಯ ಹಂತವೂ ಉದ್ಘಾಟನೆಗೊಂಡು, ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚಿನ ನೀರನ್ನು ಹೀಗೆಯೇ ಎತ್ತುವ ಏರ್ಪಾಡಾಗಿದೆ.

ಈ ಎತ್ತುವಿಕೆಯ ಭಾರ ಎಷ್ಟೆಂದು ಶಾಲೆಯ ಭೌತಶಾಸ್ತ್ರದ ಲೆಕ್ಕದಿಂದಲೇ ತಿಳಿಯಬಹುದು. 1,000 ಲೀಟರ್ ನೀರನ್ನು 500 ಮೀಟರ್ ಏರಿಸಲು, ಯಾವ ನಷ್ಟವೂ ಇಲ್ಲವೆಂದು ಹಿಡಿದರೂ, 1.36 ಯೂನಿಟ್ ವಿದ್ಯುತ್ತು ಬೇಕು. ಯಂತ್ರದ ಮತ್ತು ಕೊಳವೆಯ ಘರ್ಷಣೆಯನ್ನು ಸೇರಿಸಿದರೆ ಅದು ಎರಡು ಯೂನಿಟ್ಟಿನ ಸಮೀಪಕ್ಕೆ ಹೋಗುತ್ತದೆ. ನಮ್ಮ ಮನೆಯ ಮೋಟಾರು ಅಷ್ಟೇ ನೀರನ್ನು ಸಂಪಿನಿಂದ ಮಾಳಿಗೆಯ ತೊಟ್ಟಿಗೆ ಏರಿಸುವುದು ಹತ್ತು ಮೀಟರ್ ಮಾತ್ರ. ನಮ್ಮ ಬಿಲ್ಲಿನಲ್ಲಿ ಕಾಣುವುದು ಆ ಹತ್ತು ಮೀಟರಿನ ವಿದ್ಯುತ್ತು. ಅದರ ಐವತ್ತರಷ್ಟು ಎತ್ತರದ ಏರು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ನಲ್ಲಿಯನ್ನು ತಿರುಗಿಸಿ ಬಿಟ್ಟು ಹಲ್ಲುಜ್ಜುವ ಮಗುವಿಗೆ "ನೀರು ಚೆಲ್ಲಬೇಡ" ಎನ್ನುವ ತಾಯಿ, ತಿಳಿದೋ ತಿಳಿಯದೆಯೋ, ದೀಪ ಆರಿಸೆಂದೂ ಹೇಳುತ್ತಿರುತ್ತಾಳೆ.

ಇಲ್ಲಿಯೇ ಮತ್ತೊಂದು ಲೆಕ್ಕ, ಮಾಡಿ ನೋಡಿದಾಗ ನನಗೇ ಆಶ್ಚರ್ಯವಾದದ್ದು. ಹದಿನೈದು ಲೀಟರಿನ ಒಂದು ಬಕೆಟ್ಟು ನೀರನ್ನು ಇಪ್ಪತ್ತು ಡಿಗ್ರಿ ಕಾಯಿಸಲು ಯೂನಿಟ್ಟಿನ ಮೂರನೆಯ ಒಂದು ಪಾಲಿಗೂ ತುಸು ಹೆಚ್ಚು ವಿದ್ಯುತ್ತು ಬೇಕು. ಅದೇ ಬಕೆಟ್ಟನ್ನು ಕಾವೇರಿಯ ದಡದಿಂದ ನಮ್ಮ ಬಡಾವಣೆಗೆ ಎತ್ತಿ ತರಲು ಬೇಕಾದುದು ಅದರ ಹತ್ತರಲ್ಲೊಂದು ಪಾಲಿಗೂ ಕಡಮೆ. ನೂರು ಕಿಲೋಮೀಟರಿನ ಪ್ರಯಾಣಕ್ಕಿಂತ ಸ್ನಾನದ ಬಿಸಿ ದುಬಾರಿ! ಮಾಳಿಗೆಯ ಮೇಲೆ ಸೋಲಾರ್ ಹೀಟರ್ ಇಟ್ಟುಕೊಂಡ ಮನೆಯವರು ಮಾಡಿದ ಉಪಕಾರ ಸಾಮಾನ್ಯವಾದುದಲ್ಲ.

ನೀರು–ವಿದ್ಯುತ್ತುಗಳ ಈ ಪರಸ್ಪರಾವಲಂಬನೆ ಸುಭಿಕ್ಷದ ದಿನಗಳಲ್ಲಿ ಮರೆಯಲ್ಲಿರುತ್ತದೆ; ಬರಗಾಲದಲ್ಲಿ ಮುಖಕ್ಕೆ ಮುಖ ಎದುರಾಗುತ್ತದೆ. 2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದಾಗ, ಶರಾವತಿಯ ಲಿಂಗನಮಕ್ಕಿಯಂಥ ಜಲಾಶಯಗಳಲ್ಲಿ ನೀರು ತಗ್ಗಿ ಜಲವಿದ್ಯುತ್ತು ಕುಗ್ಗಿತು. ಅದೇ ಹೊತ್ತಿಗೆ ಮಳೆ ಕಾಣದ ರೈತನು ಪೈರನ್ನು ಉಳಿಸಿಕೊಳ್ಳಲು ಪಂಪ್‌ಸೆಟ್ಟನ್ನು ಹೆಚ್ಚು ಹೊತ್ತು ಓಡಿಸಿದ್ದರಿಂದ ವಿದ್ಯುತ್ತಿನ ಬೇಡಿಕೆ ಏರಿತು. ಒಂದೇ ಮೋಡದ ಅಭಾವ ಎರಡು ಕಡೆಯಿಂದಲೂ ಹೊಡೆಯಿತು. ಮರುವರ್ಷದ ಮಾರ್ಚಿನಲ್ಲಿ ಬೆಂಗಳೂರಿನ ಸುಮಾರು 14,000 ಸರಕಾರಿ ಕೊಳವೆಬಾವಿಗಳ ಪೈಕಿ ಅರ್ಧದಷ್ಟು ಬತ್ತಿದ್ದುವು. ಬಾವಿ ಆಳಕ್ಕಿಳಿದಷ್ಟೂ ಮೋಟಾರಿನ ಶಕ್ತಿ ಹೆಚ್ಚಬೇಕು, ಶಕ್ತಿ ಹೆಚ್ಚಿದಷ್ಟೂ ಅಂತರ್ಜಲ ಇನ್ನೂ ಕೆಳಕ್ಕಿಳಿಯುತ್ತದೆ. ಜಲಾಶಯ ಕೈಬಿಟ್ಟಾಗ ನಾವು ಮೊರೆಹೋಗುವ ರಾಯಚೂರಿನ ಕಲ್ಲಿದ್ದಲ ಸ್ಥಾವರಕ್ಕಾದರೂ ಹಬೆಗೂ ತಂಪಿಗೂ ಕೃಷ್ಣೆಯ ನೀರೇ ಆಧಾರ. ವಿಶ್ವಸಂಸ್ಥೆಯು 2014ರ ವಿಶ್ವ ಜಲದಿನಕ್ಕೆ ನೀರು ಮತ್ತು ಶಕ್ತಿ ಎಂಬ ವಿಷಯವನ್ನೇ ಆರಿಸಿಕೊಂಡಿತ್ತು. ನಮ್ಮ ನಾಡಿಗೆ ಆ ಪಾಠ ಒಂಬತ್ತು ವರ್ಷಗಳ ಬಳಿಕ ಪ್ರತ್ಯಕ್ಷವಾಗಿ ದೊರಕಿತು.

ಸಮಾಧಾನ ತರುವ ಸಂಗತಿಯೂ ಒಂದಿದೆ. ಬೆಂಗಳೂರು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ, ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಕೋಲಾರದ ಕೆರೆಗಳಿಗೆ 2018ರಿಂದ ಹರಿಸಲಾಗುತ್ತಿದೆ. 1902ರಲ್ಲಿ ವಿದ್ಯುತ್ತಾಗಿ ಕೋಲಾರಕ್ಕೆ ಹೋದ ಕಾವೇರಿ ಇಂದು ಅಲ್ಲಿಗೆ ನೀರಾಗಿಯೇ ಹೋಗುತ್ತಿದ್ದಾಳೆ. ಆ ನೀರು ಇನ್ನಷ್ಟು ಶುದ್ಧವಾಗಿರಬೇಕೆಂಬ ಕೋಲಾರದವರ ಅಹವಾಲು ನ್ಯಾಯವಾದುದು. ಆದರೆ ಅಷ್ಟು ವಿದ್ಯುತ್ತು ತಿಂದು ಮೇಲೇರಿ ಬಂದ ನೀರನ್ನು ಒಂದೇ ಸಲ ಬಳಸಿ ಚರಂಡಿಗೆ ಚೆಲ್ಲುವುದು ಮಾತ್ರ ಅನ್ಯಾಯವೆಂದೇ ನನ್ನ ನಿಶ್ಚಿತ ಅಭಿಪ್ರಾಯ.

ಇನ್ನು ನಮ್ಮ ತಲೆಯ ಮೇಲಿನ ನೀರಿನ ಮಾತು. ನಮ್ಮದು ಮೂವತ್ತು–ನಲವತ್ತು ಅಡಿಯ ನಿವೇಶನ. ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುವ ಈ ಊರಿನಲ್ಲಿ, ಅಷ್ಟಗಲದ ಮಾಳಿಗೆಯ ಮೇಲೆ ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು ಇಳಿಯುತ್ತದೆ. ಅದನ್ನು ತೊರೆಕಾಡನಹಳ್ಳಿಯಿಂದ ಯಾರೂ ಎತ್ತಿ ತರಬೇಕಿಲ್ಲ. ಸಮುದ್ರದಿಂದ ಸೂರ್ಯನೇ ಎತ್ತಿ ತಂದು ನಮ್ಮ ಮನೆಯ ನೆತ್ತಿಯ ಮೇಲೆ ಇಳಿಸಿರುತ್ತಾನೆ. ಅದರಲ್ಲಿ ಎಂಬತ್ತು ಸಾವಿರ ಲೀಟರನ್ನು ಹಿಡಿದು ಬಳಸಿಕೊಂಡರೂ ನೂರೈವತ್ತು ಯೂನಿಟ್ಟಿನಷ್ಟು ಎತ್ತುವ ಶ್ರಮ ನಾಡಿಗೆ ಉಳಿಯುತ್ತದೆ. 2009ರಿಂದ ನಗರದ ನಿಗದಿತ ಅಳತೆಯ ಕಟ್ಟಡಗಳಿಗೆ ಮಳೆನೀರು ಕೊಯ್ಲನ್ನು ಕಾಯಿದೆಯೂ ಕಡ್ಡಾಯಗೊಳಿಸಿದೆ. ಹಾಗಿದ್ದೂ ನಮ್ಮ ಬೀದಿಯ ಹಲವು ಮಾಳಿಗೆಗಳ ಕೊಳವೆಗಳು ಇಂದಿಗೂ ನೇರವಾಗಿ ರಸ್ತೆಗೇ ಬಾಯಿ ತೆರೆದಿವೆ. ಮುಂದಿನ ಮುಂಗಾರಿಗೆ ಮೊದಲು ಓದುಗರು ಒಮ್ಮೆ ತಮ್ಮ ಮಾಳಿಗೆಯನ್ನು ಹತ್ತಿ, ಅಲ್ಲಿಂದ ಇಳಿದ ಕೊಳವೆಯ ಇನ್ನೊಂದು ತುದಿ ಎಲ್ಲಿ ಮುಟ್ಟುತ್ತದೆಂಬುದನ್ನು ತಾವೇ ಕಣ್ಣಾರೆ ನೋಡಿಕೊಳ್ಳಬೇಕೆಂದು ನನ್ನ ಬಿನ್ನಹ.